ಪರನಗರದಲ್ಲಿ ಎರಡು ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಇಪ್ಪತ್ತೈದು ವರ್ಷ ಪ್ರೌಢಶಾಲೆಯಲ್ಲಿ ಕೋಶ ಓದಿಸಿದ ನನಗೆ ದೇಶ ಸುತ್ತುವ ಯೋಗ ಬಂದದ್ದು ತಡವಾಗಿ. ಅದೂ ಎರಡೇ ದಿನಗಳ ಮಟ್ಟಿಗೆ. ಒಂದು ಶನಿವಾರ-ಭಾನುವಾರ ನಾವು ಏಳು ಮಂದಿ ಸಿಂಗಪುರಕ್ಕೆ ಹೋಗಿಬಂದೆವು. ನಾನು, ನನ್ನಾಕೆ, ಎಪ್ಪತ್ತು ದಾಟಿದ ನನ್ನ ಅತ್ತಿಗೆ, ಇಬ್ಬರು ಸಹೋದ್ಯೋಗಿಗಳು ಮತ್ತು ಅವರ ಮನೆಯವರು. ಆ ಅನುಭವದಿಂದ ನಿಮಗೆ ಉಪಯೋಗವಾಗಬಹುದಾದ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಹೊರಡುವ ಮುನ್ನಿನ ಸಿದ್ಧತೆ. ಭಾರತದ ಪಾಸ್‌ಪೋರ್ಟ್ ಉಳ್ಳವರು ಸಿಂಗಪುರದ ವೀಸಾವನ್ನು ಮುಂಚಿತವಾಗಿಯೇ ಪಡೆದಿರಬೇಕು. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಅಲ್ಲಿಗೆ ತಲುಪುವ ಮುಂಚಿನ ಮೂರು ದಿನಗಳೊಳಗೆ ಆಗಮನದ ವಿವರಗಳನ್ನು ಅಂತರ್ಜಾಲದಲ್ಲಿ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಎಲೆಯಡಿಕೆಯೊಡನೆ ಕಡ್ಡಿಪುಡಿ ಹಾಕುವ ಹಿರಿಯರಿದ್ದರೆ ಅವರ ಸಂಚಿಯನ್ನು ಮನೆಯಲ್ಲಿಯೇ ಪರಿಶೀಲಿಸಿರಿ: ಜಗಿಯುವ ಹೊಗೆಸೊಪ್ಪನ್ನು ಆ ದೇಶದೊಳಕ್ಕೆ ಒಯ್ಯುವಂತಿಲ್ಲ. ಚ್ಯೂಯಿಂಗ್ ಗಮ್ಮಿನ ಆಮದಂತೂ ೧೯೯೨ರಿಂದಲೇ ನಿಷಿದ್ಧ. ಅಲ್ಲಿನ ವಿದ್ಯುತ್ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿಗಳಿರುತ್ತವೆ. ಅದಕ್ಕೆ ಹೊಂದುವ ಅಡಾಪ್ಟರ್ ಒಂದಿರಲಿ. ಮಳೆಗೆ ಅಲ್ಲಿ ಕಾಲವೆಂಬುದಿಲ್ಲವಾದ್ದರಿಂದ ಕೊಡೆಯೂ ಇರಲಿ.

ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆಯ ಪ್ರಯಾಣ. ಆದರೆ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಶುಕ್ರವಾರ ರಾತ್ರಿ ಹೊರಟವರಿಗೆ ಬೆಳಗಾಗುವುದು ಬೇಗ, ನಿದ್ದೆ ಮಾತ್ರ ಅರ್ಧ. ಆದಕಾರಣ ಮೊದಲ ದಿನಕ್ಕೆ ಹೆಚ್ಚು ತುಂಬಬೇಡಿರಿ. ದಿನಕ್ಕೆ ಎರಡು ಸ್ಥಳ ಸಾಕು. ಬೆಳಗಿನ ತಂಪಿನಲ್ಲಿ ಸಸ್ಯೋದ್ಯಾನ. ೧೮೫೯ರಲ್ಲಿ ಆರಂಭವಾದ ಅದು ೨೦೧೫ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆರ್ಕಿಡ್ ತೋಟವೊಂದನ್ನು ಬಿಟ್ಟರೆ ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ. ಸಂಜೆಗೆ ಸಮುದ್ರದಂಚಿನ ‘ಗಾರ್ಡನ್ಸ್ ಬೈ ದ ಬೇ’. ಕಬ್ಬಿಣ ಕಾಂಕ್ರೀಟುಗಳ ಆ ಮಹಾವೃಕ್ಷಗಳ ದೀಪದಾಟ ನೋಡುವುದಕ್ಕೂ ಶುಲ್ಕವಿಲ್ಲ.

ಊಟದ ಚಿಂತೆ ಬೇಡ. ಲಿಟಲ್ ಇಂಡಿಯಾ ಬಡಾವಣೆಯ ಸಿರಂಗೂನ್ ರಸ್ತೆಯಲ್ಲಿ ಇಡ್ಲಿ ದೋಸೆ ಯಥೇಚ್ಛವಾಗಿ ದೊರೆಯುತ್ತವೆ. ಊರೆಲ್ಲ ಹರಡಿರುವ ಹಾಕರ್ ಕೇಂದ್ರಗಳಲ್ಲಿ ಉಂಡರೆ ಖರ್ಚು ಕಡಮೆ. ಅಲ್ಲಿ ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣ ಕಂಡರೆ ಎತ್ತಿ ಬದಿಗಿಡಬೇಡಿರಿ. ನಮ್ಮ ಬಸ್ಸಿನ ಕಿಟಕಿಯಿಂದ ಸೀಟಿಗೆ ಎಸೆಯುವ ಟವೆಲಿಗೆ ಏನು ಅರ್ಥವೋ ಅದಕ್ಕೂ ಅದೇ ಅರ್ಥ. ಉಂಡ ತಟ್ಟೆಯನ್ನು ಉಂಡವರೇ ಎತ್ತಿಡಬೇಕು. ೨೦೨೧ರಿಂದ ಇದು ಕಟ್ಟುನಿಟ್ಟಾಗಿದೆ. ನಲ್ಲಿಯ ನೀರನ್ನು ಧೈರ್ಯವಾಗಿ ಕುಡಿಯಬಹುದು.

ಓಡಾಟಕ್ಕೆ ಮೆಟ್ರೋ ರೈಲೇ ಉತ್ತಮ. ಒಂದು ಕಾರ್ಡಿಗೆ ಒಬ್ಬರೇ ಪ್ರಯಾಣಿಕರು. ಏಳು ಮಂದಿಗೆ ಏಳು ಕಾರ್ಡು. ರೈಲಿನಲ್ಲಿ ತಿನ್ನುವುದಿರಲಿ, ನೀರು ಕುಡಿದರೂ ದಂಡಕ್ಕೆ ಗುರಿಯಾಗುತ್ತೀರಿ.

ರೈಲಿನ ಮಾತು ಬಂದಿತಾದ್ದರಿಂದ ನನ್ನ ತಪ್ಪನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ.

ಗುಂಪಿನ ಯಜಮಾನಿಕೆ ವಹಿಸಿಕೊಂಡವನು ನಾನೇ. ಹಾಜರಿ ಪುಸ್ತಕ ಹಿಡಿದು ಅಭ್ಯಾಸವಾದ ಕೈ ನೋಡಿ. ಏಳೂ ಪಾಸ್‌ಪೋರ್ಟುಗಳನ್ನು ನನ್ನ ಬಗಲಚೀಲದಲ್ಲಿಯೇ ಇಟ್ಟುಕೊಂಡಿದ್ದೆ. ಭಾನುವಾರ ಸಂಜೆ ಲಿಟಲ್ ಇಂಡಿಯಾ ನಿಲ್ದಾಣದಲ್ಲಿ ಕಾಲಿಡಲು ಎಡೆಯಿಲ್ಲದಷ್ಟು ಜನ. ನಾವು ಚೈನಾಟೌನಿಗೆ ಹೋಗಬೇಕಾಗಿತ್ತು. ರೈಲು ಬಂದಿತು, ಹತ್ತಿದೆವು, ಬಾಗಿಲು ಮುಚ್ಚಿತು. ಎಣಿಸಿದರೆ ಆರೇ ತಲೆ! ಗಾಜಿನಾಚೆ ಅತ್ತಿಗೆ ನಿಂತಿದ್ದರು. ಆ ಮಾರ್ಗದ ರೈಲಿಗೆ ಚಾಲಕನೇ ಇಲ್ಲ. ಯಾರನ್ನು ಕೂಗಿ ನಿಲ್ಲಿಸುವುದು?

ಅತ್ತಿಗೆಯ ಕೈಯಲ್ಲಿ ಫೋನಿಲ್ಲ, ಹಣವಿಲ್ಲ, ಹೋಟೆಲಿನ ವಿಳಾಸವಿಲ್ಲ. ಪಾಸ್‌ಪೋರ್ಟ್ ನನ್ನ ಚೀಲದಲ್ಲಿ. ಭಾಷೆ ಕನ್ನಡವೊಂದೇ. ಆ ಎರಡು ನಿಮಿಷ ನನ್ನ ಬಾಯಿ ಒಣಗಿಹೋಯಿತು. ಮುಂದಿನ ನಿಲ್ದಾಣ ಧೋಬಿ ಘಾಟ್. ಹಿಂದೆ ನಮ್ಮ ನಾಡಿನ ಮಡಿವಾಳರು ಬಟ್ಟೆ ಒಗೆಯುತ್ತಿದ್ದ ಜಾಗವಾದ್ದರಿಂದ ಆ ಹೆಸರು. ಅಲ್ಲಿ ನಾನೂ ನನ್ನಾಕೆಯೂ ಇಳಿದೆವು. ಒಬ್ಬ ಸಹೋದ್ಯೋಗಿ ದಂಪತಿಗಳು ಅದರಾಚೆಯ ನಿಲ್ದಾಣದಲ್ಲಿ ಇಳಿದರಂತೆ. ಇನ್ನೊಬ್ಬರು ಚೈನಾಟೌನಿಗೇ ಹೋದರಂತೆ. ಹೀಗೆ ಒಂದು ಗುಂಪು ನಾಲ್ಕು ಪಾಲಾಯಿತು.

ಎದುರು ರೈಲು ಹಿಡಿದು ಹಿಂದಿರುಗಿದೆ. ಅತ್ತಿಗೆ ಅದೇ ಬಾಗಿಲಿನ ಮುಂದೆ, ಅದೇ ಜಾಗದಲ್ಲಿ ನಿಂತಿದ್ದರು. ಪಕ್ಕದಲ್ಲಿ ತಮಿಳು ಹೆಂಗಸೊಬ್ಬರು ಕೈಸನ್ನೆಯಲ್ಲಿ ಸಮಾಧಾನ ಹೇಳುತ್ತಿದ್ದರು. “ಹೆದರಿದಿರಾ ಅತ್ತಿಗೆ?” ಎಂದೆ. ಅವರು ಹೇಳಿದರು: “ಹೆದರಿಕೆ ಆಗದೆ ಇರುತ್ತದೆಯೇ? ಆದರೆ ಜಾತ್ರೆಯಲ್ಲಿ ಕೈ ತಪ್ಪಿದರೆ ತೇರಿನ ಹಿಂದೆ ಓಡಬಾರದು, ಗರುಡಗಂಬದ ಹತ್ತಿರ ನಿಂತುಬಿಡಬೇಕು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದರು. ನಾನು ನಿಂತೆ. ಓಡಿದವರು ನೀವು.”

ಉಳಿದ ನಾಲ್ವರನ್ನು ಒಟ್ಟುಗೂಡಿಸಲು ಒಂದು ಗಂಟೆಗೂ ಮೇಲೆ ಹಿಡಿಯಿತು!

ಆದ್ದರಿಂದ, ಬಂಧುಗಳೇ, ಗುಂಪಾಗಿ ಪರನಗರಕ್ಕೆ ಹೋಗುವವರು ಹೊರಡುವ ಮೊದಲೇ ಮೂರು ನಿಯಮ ಮಾಡಿಕೊಳ್ಳಿರಿ. ಒಂದು: ಪ್ರತಿಯೊಬ್ಬರ ಪಾಸ್‌ಪೋರ್ಟ್ ಅವರವರ ಬಳಿಯೇ ಇರಲಿ, ಜೊತೆಗೆ ಸ್ವಲ್ಪ ಹಣ, ಹೋಟೆಲಿನ ವಿಳಾಸ, ಜೊತೆಯವರ ಫೋನ್ ಸಂಖ್ಯೆ ಬರೆದ ಚೀಟಿ. ಅದರ ಕೆಳಗೆ ಪೊಲೀಸರ ೯೯೯, ಆಂಬುಲೆನ್ಸಿನ ೯೯೫ ಬರೆದಿರಲಿ. ಎರಡು: ರೈಲು ಹತ್ತುವಾಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮೊದಲು, ಯಜಮಾನ ಕೊನೆಗೆ. ಮೂರು: ಉಳಿದವರು ಉಳಿದಲ್ಲಿಯೇ ನಿಲ್ಲಬೇಕು, ಮುಂದೆ ಹೋದವರೆಲ್ಲರೂ ಮುಂದಿನ ನಿಲ್ದಾಣದಲ್ಲಿ ಇಳಿದು, ಒಬ್ಬರು ಮಾತ್ರ ಹಿಂದಿರುಗಬೇಕು.

ಊರಿಗೆ ಬಂದ ಮೇಲೆ ನೆರೆಯವರು “ಸಿಂಗಪುರದಲ್ಲಿ ಏನೇನು ನೋಡಿದಿರಿ?” ಎಂದು ಅತ್ತಿಗೆಯನ್ನು ಕೇಳಿದರು. “ಡ್ರೈವರಿಲ್ಲದ ರೈಲು ನೋಡಿದೆ, ಅದರಲ್ಲಿ ಕಳೆದುಹೋದ ಆರು ಜನರನ್ನೂ ನೋಡಿದೆ” ಎಂದರು. ಪಂಡಿತನಾದ ನನಗೆ ಮರುಮಾತು ಹೊಳೆಯಲಿಲ್ಲ.

ನೀವೂ ಹೋಗಿಬನ್ನಿರಿ, ಹೋದಷ್ಟೇ ಮಂದಿ ಕೂಡಿ ಬನ್ನಿರಿ.