ಒಂದೂವರೆ ಸ್ಪೀಡಲ್ಲಿ ಗಡ್ಡಪ್ಪ ಎಲ್ಲಿಗೆ ಹೊರಟ?

ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ ಇದೆ. ಫೋನ್ ತೆಗೆದು ಒಮ್ಮೆ ನೋಡಿ, ನನ್ನ ಮಾತು ಯಾವ ಸ್ಪೀಡಲ್ಲಿ ಓಡ್ತಿದೆ? ಒಂದಾ, ಒಂದೂವರೆನಾ, ಎರಡಾ? ಎರಡಿದ್ರೂ ಬೇಜಾರಿಲ್ಲ. ನಾನೂ ಬೇರೆಯವರ ಪಾಡ್‌ಕಾಸ್ಟ್ ಕೇಳೋದು ಹಾಗೇನೇ. ಬಸ್ಸಲ್ಲಿ ನೇತಾಡ್ತಾ, ಪಾತ್ರೆ ತೊಳೀತಾ, ಒಂದು ಗಂಟೆ ಎಪಿಸೋಡನ್ನ 40 ನಿಮಿಷಕ್ಕೆ ಮುಗಿಸಿದ್ರೆ ಏನೋ ಗೆದ್ದ ಖುಷಿ.

ಯೂಟ್ಯೂಬಲ್ಲಿ ಈ ಬಟನ್ ಬಂದು ಎಷ್ಟೋ ವರ್ಷ ಆಯ್ತು. 2019ರಲ್ಲಿ ನೆಟ್‌ಫ್ಲಿಕ್ಸ್ ಇದನ್ನ ಪ್ರಯೋಗಕ್ಕೆ ಇಳಿಸಿದಾಗ ಜಡ್ ಅಪಟೋವ್ ತರದ ಹಾಲಿವುಡ್ ನಿರ್ದೇಶಕರು ಸಿಟ್ಟಾದ್ರು. ಆದ್ರೂ ಮರುವರ್ಷ ಅದು ಫೋನಿಗೆ ಬಂದೇ ಬಂತು. 2021ರಲ್ಲಿ ವಾಟ್ಸಾಪ್ ವಾಯ್ಸ್ ಮೆಸೇಜಿಗೂ ಬಂತು. ಅಂದ್ರೆ ಸಿನಿಮಾ ಆಯ್ತು, ಪಾಠ ಆಯ್ತು, ಈಗ ನಮ್ಮನೆಯವರ ಮಾತನ್ನೂ ಓಡಿಸಬಹುದು.

'ಅಯ್ಯೋ, ಈಗಿನ ಹುಡುಗರಿಗೆ ತಾಳ್ಮೆನೇ ಇಲ್ಲ' ಅಂತ ಬೈಯೋಕೆ ಬಂದಿಲ್ಲ ನಾನು. ಅವಸರ ನಮ್ಮ ಕಾಲದ್ದೇನಲ್ಲ. ಐದು ದಿನದ ಟೆಸ್ಟ್ ಪಕ್ಕದಲ್ಲೇ 1971ರಲ್ಲಿ ಒಂದು ದಿನದ ಅಂತಾರಾಷ್ಟ್ರೀಯ ಪಂದ್ಯ ಹುಟ್ಟಿತು. 2008ರಲ್ಲಿ ನಮ್ಮ ಚಿನ್ನಸ್ವಾಮಿಯಲ್ಲಿ ಐಪಿಎಲ್ ಶುರುವಾದ ರಾತ್ರಿ ಮೆಕಲಮ್ 73 ಬಾಲಲ್ಲಿ 158 ಹೊಡೆದ. ಕರಾವಳಿಗೆ ಹೋಗಿ ನೋಡಿ, ಇಡೀ ರಾತ್ರಿ ನಡೀತಿದ್ದ ಯಕ್ಷಗಾನಕ್ಕೆ 'ಕಾಲಮಿತಿ' ಪ್ರಯೋಗ ಬಂದಿದೆ. ಮಧ್ಯರಾತ್ರಿ ಹೊತ್ತಿಗೆ ಆಟ ಮುಗಿಯುತ್ತೆ, ಬೆಳಿಗ್ಗೆ ಕೆಲಸಕ್ಕೆ ಹೋಗೋರಿಗೆ ಅನುಕೂಲ.

ಆದ್ರೆ ಒಂದು ವ್ಯತ್ಯಾಸ ಇದೆ. ಕಾಲಮಿತಿ ಆಟದಲ್ಲಿ ಯಾವ ಪದ್ಯ ಬಿಡಬೇಕು, ಯಾವ ಅರ್ಥ ಮೊಟಕು ಮಾಡಬೇಕು ಅಂತ ತೀರ್ಮಾನ ಮಾಡೋರು ಆ ಕಲೆ ಗೊತ್ತಿರೋ ಕಲಾವಿದರು. ಟಿ20 ಆಡೋನು ಟಿ20ಗೇ ತಯಾರಾಗಿ ಬಂದಿರ್ತಾನೆ. ಸ್ಪೀಡ್ ಬಟನ್ ಹಾಗಲ್ಲ. ಅದು ದ್ರಾವಿಡ್ ಅವರ ಟೆಸ್ಟ್ ಇನಿಂಗ್ಸನ್ನ ಫಾಸ್ಟ್ ಫಾರ್ವರ್ಡ್ ಮಾಡಿದ ಹಾಗೆ. ಎಷ್ಟು ಓಡಿಸಿದ್ರೂ ಅದು ಟಿ20 ಆಗಲ್ಲ, ಆ ಡಿಫೆನ್ಸೂ ಕಾಣಲ್ಲ.

ಇದರ ಹಿಂದೆ ಒಂದು ಟೆಕ್ನಿಕ್ ಇದೆ. ಹಳೇ ಕ್ಯಾಸೆಟ್ ಜೋರಾಗಿ ಓಡಿಸಿದ್ರೆ ದನಿ ಕೀಚು ಕೀಚು ಅಂತಿತ್ತು. ತಕ್ಷಣ ಗೊತ್ತಾಗ್ತಿತ್ತು, ಏನೋ ಎಡವಟ್ಟಾಗಿದೆ ಅಂತ. ಈಗಿನ ಸಾಫ್ಟ್‌ವೇರ್ ಸದ್ದನ್ನ ಚೂರು ಚೂರು ಕತ್ತರಿಸಿ, ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಸರಿಸಿ ಅಂಟಿಸುತ್ತೆ. ದನಿ ಅದೇ ಇರುತ್ತೆ, ಸಮಯ ಮಾತ್ರ ಕಮ್ಮಿ. ಹಾಗಾಗಿ ಏನೂ ಕಳ್ಕೊಂಡಿಲ್ಲ ಅನ್ಸುತ್ತೆ. ಆದ್ರೆ ಮಾತಿನ ಜೊತೆ ಮೌನವೂ ಕುಗ್ಗಿರುತ್ತೆ. ಪದ ಅರ್ಧ ಸಮಯದಲ್ಲೂ ಅರ್ಥ ಆಗುತ್ತೆ. ಮೌನ ಅರ್ಧ ಆದ್ರೆ ಅದು ಬರೀ ಉಸಿರು ತಗೊಂಡ ಹಾಗೆ ಕೇಳುತ್ತೆ.

ರಾಮ್ ರೆಡ್ಡಿ ಅವರ 'ತಿಥಿ' ನೋಡಿದೀರಾ? ಮಂಡ್ಯದ ಹಳ್ಳಿ, 101 ವರ್ಷದ ಸೆಂಚುರಿ ಗೌಡನ ಸಾವು, ಹನ್ನೊಂದನೇ ದಿನದ ತಿಥಿ. ಮಗ ಗಡ್ಡಪ್ಪನಿಗೆ ಅಪ್ಪ ಹೋದ್ರೂ ಅವಸರ ಇಲ್ಲ, ಜಮೀನಿನ ಚಿಂತೆನೂ ಇಲ್ಲ. ಸುಮ್ನೆ ನಡೀತಾ ಇರ್ತಾನೆ. ಆ ಸಿನಿಮಾನ ಒಂದೂವರೆ ಸ್ಪೀಡಲ್ಲಿ ಹಾಕಿ ನೋಡಿ. ಗಡ್ಡಪ್ಪ ಎಲ್ಲೋ ಬಸ್ ಹಿಡಿಯೋಕೆ ಹೊರಟಂಗೆ ಕಾಣ್ತಾನೆ! ಕಥೆ ಪೂರ್ತಿ ಗೊತ್ತಾಗುತ್ತೆ, ಗಡ್ಡಪ್ಪ ಮಾತ್ರ ಸಿಗಲ್ಲ. ಅವನ ನಿಧಾನವೇ ತಾನೇ ಅವನು?

ಸಿನಿಮಾ ಬಿಡಿ, ಇನ್ನೊಮ್ಮೆ ನೋಡಬಹುದು. ಮನುಷ್ಯರ ವಿಷಯ ಹೇಳ್ತೀನಿ.

ನಮ್ಮ ಅಜ್ಜಿ ಮಲೆನಾಡಲ್ಲಿ ಇರೋದು. ಟೈಪ್ ಮಾಡೋಕೆ ಬರಲ್ಲ, ಮೈಕ್ ಒತ್ತಿ ಮಾತಾಡ್ತಾರೆ. ಹೋದ ಮಳೆಗಾಲದಲ್ಲಿ ಒಂದು ಮೆಸೇಜ್ ಬಂತು. ಹಳೇ ಮನೆಗೆ ಯಾರೋ ಗಿರಾಕಿ ಬಂದಿದಾರಂತೆ, ಮಾವ ಕೊಡೋಣ ಅಂತಿದಾನಂತೆ. 'ಮಾರಿದ್ರೆ ಮಾರ್ಲಿ ಬಿಡು' ಅಂದ್ರು ಅಜ್ಜಿ. ಆಮೇಲೆ ಮಾತಿಲ್ಲ. ಹಂಚಿನ ಮೇಲೆ ಮಳೆ ಬೀಳೋ ಸದ್ದಷ್ಟೇ. ಸುಮಾರು ಆರು ಸೆಕೆಂಡ್. ಆಮೇಲೆ, 'ಹಲಸಿನ ಹಪ್ಪಳ ಇಟ್ಟಿದೀನಿ ಮಗಾ, ಯಾರ ಕೈಲಿ ಕಳಿಸ್ಲಿ?'

ಆ ಮೆಸೇಜನ್ನ ಅಕ್ಷರಕ್ಕೆ ಇಳಿಸಿದ್ರೆ ಅಜ್ಜಿ ಒಪ್ಪಿದಾರೆ, ಹಪ್ಪಳ ಬರ್ತಿದೆ, ಅಷ್ಟೇ. ಆದ್ರೆ ಆ ಆರು ಸೆಕೆಂಡ್ ಮಳೆ ಕೇಳಿದ ಮೇಲೆ ನಂಗೆ ಹಾಗೆ ಅನ್ಸಲಿಲ್ಲ. ಫೋನ್ ಮಾಡಿ, 'ಅಜ್ಜಿ, ನಿಂಗೆ ಮನೆ ಕೊಡೋಕೆ ಇಷ್ಟ ಇದ್ಯಾ?' ಅಂತ ಕೇಳ್ದೆ. 'ನನ್ನನ್ನ ಯಾರೂ ಕೇಳಿರ್ಲಿಲ್ಲ ನೋಡು' ಅಂದ್ರು. ಇಷ್ಟ ಇದೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಆಮೇಲೆ ಒಂದು ಗಂಟೆ ಮಾತಾಡಿದ್ರು. ಆ ಮನೆಗೆ ಮದುವೆಯಾಗಿ ಬಂದಿದ್ದು, ಬಾವಿ ತೋಡ್ಸಿದ್ದು, ತಾತ ಜಗಲಿ ಮೇಲೆ ಕೂರ್ತಿದ್ದ ಜಾಗ. ಮನೆ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಮಾರಲೂಬಹುದು, ಮಾವನಿಗೂ ಅವನದೇ ಕಷ್ಟ ಇದೆ. ಆದ್ರೆ ಈಗ ಆ ಮಾತಲ್ಲಿ ಅಜ್ಜಿಗೂ ಒಂದು ಜಾಗ ಇದೆ.

ನಮ್ಮ ಮನೆಗಳಲ್ಲಿ ದೊಡ್ಡವರು ಮುಖ್ಯವಾದದ್ದನ್ನ ನೇರವಾಗಿ ಹೇಳೋದು ಕಮ್ಮಿ. 'ಊಟ ಆಯ್ತಾ?' ಅಂತಾರೆ, ಸ್ವಲ್ಪ ತಡೀತಾರೆ. 'ಏನಿಲ್ಲ, ಸುಮ್ನೆ ಫೋನ್ ಮಾಡ್ದೆ' ಅಂತಾರೆ, ಮತ್ತೆ ತಡೀತಾರೆ. ಹೇಳಬೇಕಾದ್ದು ಆ ತಡೆಯೊಳಗೇ ಇರುತ್ತೆ. ಎರಡರ ಸ್ಪೀಡಲ್ಲಿ ಅಳಿಸಿ ಹೋಗೋದೂ ಅದೇ.

ಹಾಗಾಗಿ ನನ್ನ ಲೆಕ್ಕ ತುಂಬಾ ಸರಳ. ಮಾಹಿತಿಗೆ ಸ್ಪೀಡ್, ಮನುಷ್ಯರಿಗೆ ಒಂದು. ಫೋನ್ ರಿವ್ಯೂ, ಪರೀಕ್ಷೆ ಹಿಂದಿನ ರಾತ್ರಿಯ ಪಾಠ, ಆಫೀಸ್ ಟ್ರೈನಿಂಗ್ ವಿಡಿಯೋ, ಎಲ್ಲ ಧಾರಾಳವಾಗಿ ಓಡಿಸಿ. ನನ್ನನ್ನೂ ಓಡಿಸಿ. ಅಮ್ಮ, ಅಪ್ಪ, ಬೇರೆ ಊರಿಗೆ ಹೋದ ಫ್ರೆಂಡ್, ಇವರ ದನಿ ಬಂದಾಗ ಮಾತ್ರ ಆ ಬಟನ್ ಮುಟ್ಟಬೇಡಿ. ಎರಡು ನಿಮಿಷದ ಮೆಸೇಜಿಗೆ ಎರಡೇ ನಿಮಿಷ ಸಾಕು.

ನಿಮ್ಮ ಫೋನಲ್ಲಿ ಕೇಳದೇ ಉಳಿದಿರೋ ವಾಯ್ಸ್ ಮೆಸೇಜ್ ಯಾವುದಾದ್ರೂ ಇದ್ಯಾ? ಇದ್ರೆ ನನ್ನನ್ನ ಇಲ್ಲೇ ನಿಲ್ಲಿಸಿ, ಮೊದಲು ಅದನ್ನ ಕೇಳಿ. ಮುಂದಿನ ವಾರ ಸಿಗೋಣ.