ಹೂಂಗುಟ್ಟುವವರು ಬೇಕು



ನಮ್ಮಜ್ಜಿ ಕತೆ ಶುರುಮಾಡುವ ಮೊದಲೇ ಕರಾರು ಹಾಕುತ್ತಿದ್ದಳು: ‘ಹೂಂಗುಟ್ಟದಿದ್ದರೆ ಕತೆ ಇಲ್ಲ.’ ‘ಒಂದೂರಲ್ಲಿ ಒಬ್ಬ ರಾಜ...’ ‘ಹೂಂ.’ ‘ಅವನಿಗೆ ಮಕ್ಕಳಿರಲಿಲ್ಲ...’ ‘ಹೂಂ.’ ನಮ್ಮ ಹೂಂ ಸಣ್ಣದಾದರೆ ನಿದ್ದೆ ಹತ್ತಿತೆಂದು ಅವಳಿಗೆ ಗೊತ್ತಾಗುತ್ತಿತ್ತು. ಜೋರಾದರೆ ರಾಕ್ಷಸ ಇನ್ನೊಂದು ಮಾರು ಎತ್ತರವಾಗುತ್ತಿದ್ದ. ಕತೆ ಅವಳದ್ದೇ ಆದರೂ ಅದರ ಅಳತೆ ನಮ್ಮ ಕೈಯಲ್ಲಿತ್ತು.

ಕೇಳುವವರಿಗಿರುವ ಈ ಪಾಲು ತಿಳಿಯಬೇಕಾದರೆ ಕರಾವಳಿ, ಮಲೆನಾಡಿನ ತಾಳಮದ್ದಳೆಯನ್ನು ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. ಬಣ್ಣ ಬೇಡವಾದ್ದರಿಂದ ವಯಸ್ಸೂ ಅಡ್ಡಬರುವುದಿಲ್ಲ. ಎಪ್ಪತ್ತರ ಹಿರಿಯರು ಅಭಿಮನ್ಯು ಆಗಬಹುದು, ಹದಿನೈದರ ಹುಡುಗ ದ್ರೋಣನಾಗಬಹುದು. ಎದುರಿನವರ ಮಾತನ್ನು ಕಿವಿಗೊಟ್ಟು ಕೇಳದೆ ಇಬ್ಬರಿಗೂ ಉತ್ತರ ಹೊಳೆಯುವುದಿಲ್ಲ.

ಹಿರಿಯರನ್ನು ಆಟಕ್ಕೆ ಕರೆಯುವ ದಾರಿ ಬೇರೆಡೆಯೂ ಇದೆ. ರಂಗಕರ್ಮಿ ಪಾಮ್ ಶ್ವೈಟ್ಜರ್ ಅವರು 1983ರಲ್ಲಿ ಲಂಡನ್ನಿನಲ್ಲಿ ‘ಏಜ್ ಎಕ್ಸ್‌ಚೇಂಜ್’ ಎಂಬ ರಂಗತಂಡ ಕಟ್ಟಿ ಹಿರಿಯರ ನೆನಪುಗಳನ್ನೇ ನಾಟಕ ಮಾಡಿದರು. ಅದನ್ನು ನಾವು ಜಗಲಿಯಲ್ಲೇ ಮಾಡಬಹುದು. ‘ತಾತ, ಕತೆ ಹೇಳು’ ಎಂದರೆ ‘ಏನು ಹೇಳೋದು ಮಗಾ’ ಎಂದು ಸುಮ್ಮನಾಗುತ್ತಾರೆ. ‘ಶಾಲೆಯ ಮೊದಲ ದಿನ ಏನಾಯಿತು?’ ಎಂದು ಕೇಳಿ. ಮೊಮ್ಮಗ ತಾತನಾಗಲಿ, ತಾತ ಮೇಷ್ಟ್ರಾಗಲಿ. ಹುಡುಗ ಕುರ್ಚಿಯಲ್ಲಿ ಕೂತರೆ ತಾತ ತಡೆಯುತ್ತಾರೆ: ‘ಕುರ್ಚಿ ಎಲ್ಲಿತ್ತೋ? ನೆಲದ ಮೇಲೆ ಕೂತು ಮರಳಲ್ಲಿ ಅಕ್ಷರ ತಿದ್ದು.’ ಆ ಹೊತ್ತಿಗೆ ತಾತನ ಬೆರಳು ತಾನಾಗಿ ನೆಲದ ಮೇಲೆ ‘ಅ’ ಬರೆಯುತ್ತಿರುತ್ತದೆ. ‘ಕತೆ ಹೇಳು’ ಎಂದರೆ ಬಾರದ ನೆನಪು, ಆಟಕ್ಕೆ ಕರೆದರೆ ಬರುತ್ತದೆ.

ಹಾಗೆ ಹೊರಬರದೆ ಉಳಿದ ಕತೆ ಏನಾಗುತ್ತದೆ? ಎ. ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮ ಜನಪದ ಕತೆಯೊಂದರಲ್ಲಿ ಒಬ್ಬಳಿಗೆ ಒಂದು ಕತೆ, ಒಂದು ಹಾಡು ಬರುತ್ತಿತ್ತು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಉಸಿರುಗಟ್ಟಿದ ಅವೆರಡೂ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು, ಕತೆ ಒಂದು ಜೊತೆ ಬೂಟಾಗಿ, ಹಾಡು ಗಂಡಸಿನ ಕೋಟಾಗಿ ಮನೆಯಲ್ಲೇ ಕೂತವು. ಗಂಡ ಸಂಶಯಪಟ್ಟ, ಜಗಳವಾಯಿತು. ಊರಿನ ದೀಪಗಳು ಆಡಿಕೊಳ್ಳುವುದನ್ನು ಕೇಳಿ ನಿಜ ತಿಳಿದ ಅವನು, ಆ ಕತೆ ಯಾವುದೆಂದು ಹೆಂಡತಿಯನ್ನು ಕೇಳಿದ. ಅಷ್ಟರಲ್ಲಿ ಅವಳಿಗೇ ಅದು ಮರೆತುಹೋಗಿತ್ತು.

ನಮ್ಮ ಮನೆಗಳಲ್ಲಿ ಹಾಗಾಗುವುದು ಬೇಡ. ಇವತ್ತು ರಾತ್ರಿ ಊಟವಾದ ಮೇಲೆ ಟೀವಿ ಆರಿಸಿ, ಮಕ್ಕಳನ್ನು ಹಿರಿಯರ ಪಕ್ಕ ಕೂರಿಸಿ. ಮೊದಲ ‘ಹೂಂ’ ನೀವೇ ಅನ್ನಿ.