ಎಲುಬಿನ ನಕ್ಷೆ

ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ಪ್ರತಿವರ್ಷವೂ ವಿದ್ಯಾರ್ಥಿಗಳಿಗೆ ತೋರಿಸುವ ಒಂದು ಸಣ್ಣ ಪ್ರಯೋಗವುಂಟು. ಕೋಳಿಯ ಕಾಲಿನ ಮೂಳೆಯೊಂದನ್ನು ತೊಳೆದು, ನೀರು ಬೆರಸಿದ ಲವಣಾಮ್ಲದಲ್ಲಿ ಮುಳುಗಿಸಿಡುತ್ತೇವೆ. ಕೆಲವು ದಿನಗಳ ತರುವಾಯ ತೆಗೆದು ನೋಡಿದರೆ ಮೂಳೆಯ ಆಕಾರವು ಮೊದಲಿದ್ದಂತೆಯೇ ಇರುತ್ತದೆ. ಕೈಯಲ್ಲಿ ಹಿಡಿದರೆ ಮಾತ್ರ ಹಸಿಯ ಬಳ್ಳಿಯಂತೆ ಬಗ್ಗುತ್ತದೆ. ಗಡಸುತನಕ್ಕೆ ಕಾರಣವಾಗಿದ್ದ ಸುಣ್ಣದ ಅಂಶವೆಲ್ಲ ಕರಗಿಹೋಗಿ, ಅಂಟಿನಂಥ ಪದಾರ್ಥದ ಹಂದರವೊಂದೇ ಉಳಿದಿರುತ್ತದೆ. ಹುಡುಗರು ಇದನ್ನು ಕಂಡು ನಗುತ್ತಾರೆ. ಆದರೆ ಕಣ್ಣಿಗೆ ಇದ್ದಂತೆಯೇ ಕಾಣುವ ವಸ್ತುವಿನಿಂದ ಅದರ ಸಾರವು ಹೊರಟುಹೋಗಿರಬಹುದೆಂಬ ಎಚ್ಚರಿಕೆಯೂ ಇದರಲ್ಲಿದೆ. ಈ ಹೊತ್ತು ಆ ಎಚ್ಚರಿಕೆಯನ್ನು ಕುರಿತೇ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಕ್ಷ-ಕಿರಣಗಳ ಹೊಡೆತಕ್ಕೆ ಸಿಕ್ಕಿದ ಒಂದೊಂದು ಮೂಲವಸ್ತುವೂ ತನ್ನದೇ ಆದ ಕಿರಣವನ್ನು ಹೊರಸೂಸುತ್ತದೆ. ಆ ಕಿರಣಕ್ಕೂ ಮೂಲವಸ್ತುವಿನ ಪರಮಾಣು ಸಂಖ್ಯೆಗೂ ಇರುವ ನಿಯಮವನ್ನು ಇಂಗ್ಲೆಂಡಿನ ಮೋಸ್ಲಿ ಎಂಬ ತರುಣನು 1913ರಲ್ಲಿ ಕಂಡುಹಿಡಿದನು. ಈಗ ಸೂಜಿಯ ಮೊನೆಗಿಂತಲೂ ಸಣ್ಣದಾದ ಕಿರಣವನ್ನು ಎಲುಬಿನ ಬಿಲ್ಲೆಯೊಂದರ ಮೇಲೆ ಚುಕ್ಕೆಚುಕ್ಕೆಯಾಗಿ ನಡೆಸಿ, ಇಲ್ಲಿ ಕ್ಯಾಲ್ಸಿಯಂ, ಇಲ್ಲಿ ಸತುವು, ಇಲ್ಲಿ ಸೀಸ ಎಂದು ನಕ್ಷೆಯನ್ನು ಬರೆಯಬಹುದಾಗಿದೆ. ನಮ್ಮ ದೇಶದಲ್ಲಿ ಇಂದೂರಿನ ಇಂಡಸ್-2 ಯಂತ್ರದ ಬಳಿ ಇಂಥ ಕೆಲಸಕ್ಕೆ ಅನುಕೂಲವುಂಟು.

ಇದರ ಪ್ರಯೋಜನವೇನೆಂದು ಕೇಳಬಹುದು. ವಯಸ್ಕರ ದೇಹದಲ್ಲಿ ಸೇರಿಕೊಂಡ ಸೀಸದಲ್ಲಿ ಶೇಕಡಾ 90ರಷ್ಟಾದರೂ ಎಲುಬಿನಲ್ಲಿಯೇ ಅಡಗಿರುತ್ತದೆ. ಎಲುಬಿನ ಯಾವ ಎಡೆಯಲ್ಲಿ ಎಂಬುದು ಮುಂದಿನ ಪ್ರಶ್ನೆ. ಕೀಲುಗಳಲ್ಲಿ ಎಲುಬಿನ ತುದಿಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿಯಲ್ಲಿ, ಸುಣ್ಣಗಟ್ಟಿದ ಭಾಗಕ್ಕೂ ಸುಣ್ಣಗಟ್ಟದ ಭಾಗಕ್ಕೂ ನಡುವೆ ಕೂದಲೆಳೆಗಿಂತ ಕಿರಿದಾದ ಒಂದು ಗಡಿರೇಖೆಯಿದೆ. ಪಕ್ಕದ ಮೂಳೆಯಲ್ಲಿರುವುದಕ್ಕಿಂತ ಹಲವು ಮಡಿ ಹೆಚ್ಚಾಗಿ ಸೀಸವು ಆ ಗೆರೆಯಲ್ಲಿ ಸಂಗ್ರಹವಾಗುತ್ತದೆಂದು ವಿಯೆನ್ನಾ ನಗರದ ಸಂಶೋಧಕರು 2006ರಲ್ಲಿ ಪ್ರಕಟಿಸಿದರು. ಮೂಳೆಯನ್ನು ಅರೆದು ಪುಡಿಮಾಡಿ ಪರೀಕ್ಷಿಸಿದ್ದರೆ ಆ ಗೆರೆಯು ಎಂದಿಗೂ ತೋರುತ್ತಿರಲಿಲ್ಲ.

ಆದರೆ ಬಿಲ್ಲೆಯನ್ನು ಸಿದ್ಧಪಡಿಸುವುದೇ ಕಷ್ಟ. ಆಸ್ಪತ್ರೆಗಳಲ್ಲಿ ಸೂಕ್ಷ್ಮದರ್ಶಕಕ್ಕಾಗಿ ಮೂಳೆಯನ್ನು ಕತ್ತರಿಸುವಾಗ, ಸುಲಭವಾಗಲೆಂದು ಮೊದಲು ಅದರ ಸುಣ್ಣವನ್ನು ಕರಗಿಸುತ್ತಾರೆ. ಜೀವಕಣಗಳನ್ನು ನೋಡುವವರಿಗೆ ಅದು ಸರಿ. ನಕ್ಷೆ ಬರೆಯುವವರಿಗೆ ಅದು ಸರ್ವನಾಶ. ಸುಣ್ಣದ ಹಿಂದೆಯೇ ಸೀಸವೂ ಸತುವೂ ಹೊರಟುಬಿಡುತ್ತವೆ. ಆದುದರಿಂದ ಮೂಳೆಯನ್ನು ಗಡಸಾಗಿಯೇ ಇಟ್ಟುಕೊಂಡು, ಕ್ರಮಕ್ರಮವಾಗಿ ಬಲವನ್ನು ಹೆಚ್ಚಿಸಿದ ಮದ್ಯಸಾರದಲ್ಲಿ ನೀರನ್ನು ತೆಗೆದು, ಆಕ್ರಿಲಿಕ್ ದ್ರವವನ್ನು ಒಳಕ್ಕೆ ಇಳಿಸಿ ಗಟ್ಟಿಮಾಡಬೇಕು. ಮೃದ್ವಸ್ಥಿಯಲ್ಲಿ ಬಹುಭಾಗವು ನೀರೇ. ಅದನ್ನು ಸುಮ್ಮನೆ ಒಣಗಿಸಿದರೆ ಅದು ಸುಕ್ಕಿ ಮೂಳೆಯಿಂದ ಸೀಳಿಕೊಳ್ಳುತ್ತದೆ. ಆಕ್ರಿಲಿಕ್ಕಿನಲ್ಲಿ ಹುದುಗಿದರೆ ಮೆದುವೂ ಗಡಸೂ ಒಂದಾಗಿ ನಿಲ್ಲುತ್ತವೆ. ಬಳಿಕ ವಜ್ರದ ಅಂಚಿನ ಗರಗಸದಿಂದ ತೆಳುವಾಗಿ ಕೊಯ್ಯಬೇಕು. ದಪ್ಪವಾದರೆ ಆಳದ ಕಿರಣಗಳು ಮೇಲಿನವುಗಳೊಡನೆ ಬೆರೆತು ಗಡಿರೇಖೆಯು ಮಸುಕಾಗುವುದು.

ಹೀಗೆ ಮಾಡಿದರೂ ಎಲ್ಲವೂ ಉಳಿಯುವುದಿಲ್ಲ. ಪೊಟ್ಯಾಸಿಯಂ, ಕ್ಲೋರಿನ್ ಮೊದಲಾದುವು ದ್ರವಗಳೊಡನೆ ತೊಳೆದುಹೋಗುತ್ತವೆ. ಅವೇ ಬೇಕಾದರೆ, ಶೂನ್ಯಕ್ಕಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗಿರುವ ದ್ರವ ನೈಟ್ರೋಜನ್ನಿನ ಶೈತ್ಯದಲ್ಲಿ ಅಂಗವನ್ನು ಥಟ್ಟನೆ ಹೆಪ್ಪುಗಟ್ಟಿಸಿ, ಹಾಗೆಯೇ ಕೊಯ್ದು, ನಿರ್ವಾತದಲ್ಲಿ ಒಣಗಿಸುವುದೇ ಉಚಿತವಾದ ಮಾರ್ಗ.

ಕಳೆಯುವುದು ಒಂದು ದೋಷವಾದರೆ ಸೇರಿಸುವುದು ಇನ್ನೊಂದು. ಉಕ್ಕಿನ ಅಲಗು ಕಬ್ಬಿಣವನ್ನೂ ಕ್ರೋಮಿಯಮ್ಮನ್ನೂ ಬಿಟ್ಟುಹೋಗಬಹುದು. ಆಧಾರವಾಗಿಟ್ಟ ಗಾಜಿನಲ್ಲಿರುವ ಮೂಲವಸ್ತುಗಳೂ ನಕ್ಷೆಯಲ್ಲಿ ಮೂಡುತ್ತವೆ. ಉಜ್ಜುವಾಗ ಎದ್ದ ಮೂಳೆಯ ಹುಡಿಯು ಪಕ್ಕದ ಮೃದ್ವಸ್ಥಿಯ ಮೇಲೆ ಕುಳಿತು, ಇಲ್ಲದ ಎಡೆಯಲ್ಲಿ ಸುಣ್ಣವಿದೆಯೆಂದು ಸುಳ್ಳು ಹೇಳಿಸುತ್ತದೆ. ಇದಕ್ಕಾಗಿಯೇ ಜಾಣರು ಮೂಳೆಯಿಲ್ಲದ ಬರಿಯ ಆಕ್ರಿಲಿಕ್ ತುಂಡೊಂದನ್ನು ಅದೇ ಗರಗಸ, ಅದೇ ನೀರು, ಅದೇ ಕೈಗಳ ಮೂಲಕ ಹಾಯಿಸಿ, ಅದರ ನಕ್ಷೆಯನ್ನೂ ತೆಗೆದಿಡುತ್ತಾರೆ. ಅದರಲ್ಲಿ ಕಂಡ ಕಬ್ಬಿಣವು ರೋಗಿಯದಲ್ಲ, ನಮ್ಮದು.

ಬಹುಕಾಲ ಸೀಸದ ನಡುವೆ ದುಡಿದ ಅಚ್ಚುಮೊಳೆ ಜೋಡಿಸುವವನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಎಲುಬಿನ ನಕ್ಷೆಯಲ್ಲಿ ಸೀಸವು ಕಾಣಲಿಲ್ಲವೆಂದು ಒಬ್ಬರು ಬರೆದುಕೊಟ್ಟರೆ, ಅವನ ದೇಹದಲ್ಲಿ ಸೀಸವಿಲ್ಲವೆಂದು ಅರ್ಥವೇ, ಅಥವಾ ಸಿದ್ಧಪಡಿಸಿದವರು ಅದನ್ನು ಆಮ್ಲದೊಡನೆ ಬಚ್ಚಲಿಗೆ ಚೆಲ್ಲಿದರೆಂದು ಅರ್ಥವೇ? ನಕ್ಷೆಯು ತಾನಾಗಿ ಇದನ್ನು ಹೇಳಲಾರದು. ಮೂಳೆಯನ್ನು ಯಾವುದರಲ್ಲಿ ನೆನೆಸಿದರು, ಯಾವುದರಿಂದ ಕೊಯ್ದರು ಎಂಬ ಒಂದೆರಡು ಸಾಲುಗಳು ಹೇಳಬಲ್ಲವು. ಬಣ್ಣದ ಚಿತ್ರವನ್ನು ನೋಡುವ ಮೊದಲು ಆ ಸಾಲುಗಳನ್ನು ಓದುವ ಅಭ್ಯಾಸವನ್ನು ನಾವೆಲ್ಲರೂ ಮಾಡಿಕೊಳ್ಳಬೇಕು.